ಬಿಳಿ ರಾಜ್ಮಾ, ಕೇಲ್ ಸೊಪ್ಪಿನ ಗಟ್ಟಿ ಸೂಪ್: ದಾವಣಗೆರೆಯ ಅಡುಗೆಮನೆಯಿಂದ ಒಂದು ಸಮಗ್ರ ಮಾರ್ಗದರ್ಶಿ

ಡಿಸೆಂಬರ್ ಬಂತು ಅಂದರೆ ದಾವಣಗೆರೆಯ ತರಕಾರಿ ಮಾರ್ಕೆಟ್‌ನಲ್ಲಿ ನವಿಲುಕೋಸಿನ ರಾಶಿ ಬೀಳುತ್ತದೆ. ಅರ್ಧ ಕಿಲೋ ಕೊಡಿ ಅಂತ ಕೇಳಿ, ಆಮೇಲೆ ಮಾರುವವರ ಕೈಯನ್ನೇ ನೋಡಿ. ಗೆಡ್ಡೆಯನ್ನು ಎಡಗೈಲಿ ಹಿಡಿಯುತ್ತಾರೆ. ಬಲಗೈಲಿ ಎಲೆಗಳನ್ನೆಲ್ಲ ಒಟ್ಟಿಗೆ ಹಿಡಿದು ಒಂದೇ ಸಲ ತಿರುಚುತ್ತಾರೆ. ಲಟಕ್ ಅಂತ ಶಬ್ದ. ಗೆಡ್ಡೆ ತಕ್ಕಡಿಗೆ, ಎಲೆ ಪಕ್ಕದ ರಾಶಿಗೆ. ಮಧ್ಯಾಹ್ನದ ಹೊತ್ತಿಗೆ ಆ ರಾಶಿ ದನಗಳ ಪಾಲು.

ಆ ಎಲೆಯನ್ನು ನಾನು ಕೇಳಿ ತರುತ್ತೇನೆ. ನನ್ನ ಚಳಿಗಾಲದ ಸೂಪ್ ನಿಂತಿರುವುದು ಅದರ ಮೇಲೆ, ಮತ್ತೆ ಒಂದು ಹಿಡಿ ಬಿಳಿ ಕಾಳಿನ ಮೇಲೆ.

ಬಿಳಿ ಬೀನ್ಸ್ ಮತ್ತು ಕೇಲ್ ಹಾಕಿ ಮಾಡುವ ಸೂಪ್ ಇಟಲಿಯ ಟಸ್ಕನಿ ಕಡೆಯ ರೈತರ ಊಟ. ಅಲ್ಲಿಯ ಜನ ಎಷ್ಟು ಕಾಳು ತಿನ್ನುತ್ತಾರೆ ಅಂದರೆ ಉಳಿದ ಇಟಲಿಯವರು ಅವರನ್ನು 'ಮಾಂಜಾಫಾಜೋಲಿ' ಅಂತ ಕರೆಯುತ್ತಾರೆ. ಕಾಳು ತಿನ್ನುವವರು ಅಂತ ಅರ್ಥ. ಕಾಳು, ಸೊಪ್ಪು, ಈರುಳ್ಳಿ, ಬೆಳ್ಳುಳ್ಳಿ, ಹಳೇ ಬ್ರೆಡ್ಡು. ಬಯಲುಸೀಮೆಯವರಿಗೆ ಇದರಲ್ಲಿ ಹೊಸದೇನೂ ಇಲ್ಲ ಅಲ್ವಾ? ನಾವು ಕಾಳು, ಸೊಪ್ಪು, ರೊಟ್ಟಿ ತಿಂದೇ ಬೆಳೆದವರು. ಹಾಗಾಗಿ ಇದನ್ನು ಹೋಟೆಲ್ ಸೂಪ್ ಅಂತ ತಿಳಿಯಬೇಡಿ. ಕಾರ್ನ್‌ಫ್ಲೋರ್ ಬೇಡ, ಕ್ರೀಮ್ ಬೇಡ, ಸೂಪ್ ಪ್ಯಾಕೆಟ್ಟೂ ಬೇಡ. ಕಾಳಿನ ಕಟ್ಟೇ ಇದರ ರುಚಿ. ಹೋಳಿಗೆ ದಿನ ಬೇಳೆ ಕಟ್ಟನ್ನು ಎಷ್ಟು ಜೋಪಾನವಾಗಿ ಎತ್ತಿಡುತ್ತೇವೋ, ಇಲ್ಲೂ ಅಷ್ಟೇ ಜೋಪಾನ ಬೇಕು.

ಸೊಪ್ಪು: ಕೇಲ್ ಸಿಕ್ಕರೆ ಸರಿ, ಸಿಗದಿದ್ದರೆ ಇನ್ನೂ ಸರಿ

ಕೇಲ್ ಅಂದರೆ ಗಡ್ಡೆ ಕಟ್ಟದ ಎಲೆಕೋಸು. ಎಲೆ ದಪ್ಪ, ಕಡು ಹಸಿರು. ಅಂಚು ಗುಂಗುರಾಗಿರುವ ಒಂದು ಜಾತಿ ಇದೆ. ಉದ್ದಕ್ಕೆ, ಕಪ್ಪಗೆ, ಗುಳ್ಳೆ ಗುಳ್ಳೆಯಾಗಿರುವ ಇನ್ನೊಂದು ಜಾತಿಯನ್ನು ಟಸ್ಕನಿಯವರು ಬಳಸುತ್ತಾರೆ. ನಮ್ಮ ಕಡೆ ದೊಡ್ಡ ಸೂಪರ್‌ಮಾರ್ಕೆಟ್‌ಗಳಲ್ಲಿ ಆಗಾಗ ಸಿಗುತ್ತದೆ. ಆದರೆ ದೂರದಿಂದ ಬರುವಷ್ಟರಲ್ಲಿ ಬಾಡಿರುತ್ತದೆ, ಬೆಲೆಯೂ ಜಾಸ್ತಿ.

ಈಗ ಒಂದು ವಿಷಯ ಗಮನಿಸಿ. ಕೇಲ್, ಎಲೆಕೋಸು, ಹೂಕೋಸು, ಬ್ರೊಕೋಲಿ, ನವಿಲುಕೋಸು, ಇವೆಲ್ಲ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಒಂದೇ ಗಿಡ. ಬ್ರಾಸಿಕಾ ಒಲೆರೇಸಿಯಾ ಅನ್ನುವ ಒಂದೇ ಜಾತಿ. ರೈತರು ತಲೆಮಾರುಗಟ್ಟಲೆ ಒಂದು ಕಡೆ ಎಲೆ ನೋಡಿ ಬೀಜ ಆರಿಸಿದರು, ಕೇಲ್ ಆಯಿತು. ಇನ್ನೊಂದು ಕಡೆ ಕಾಂಡ ದಪ್ಪಗಾಗುವುದನ್ನು ಆರಿಸಿದರು, ನವಿಲುಕೋಸು ಆಯಿತು. ಹೂವಿನ ಮೊಗ್ಗು ನೋಡಿ ಆರಿಸಿದ್ದು ಹೂಕೋಸು. ಹಾಗಾಗಿ ನವಿಲುಕೋಸಿನ ಎಲೆ ಕೇಲ್‌ಗೆ ಒಡಹುಟ್ಟಿದ್ದು. ದಪ್ಪ, ಅಗಿಯುವ ಗುಣ, ತುದಿಯಲ್ಲಿ ಸ್ವಲ್ಪ ಕಹಿ, ಬೆಂದ ಮೇಲೆ ಬರುವ ಸಿಹಿ, ಎಲ್ಲವೂ ಹೆಚ್ಚುಕಡಿಮೆ ಅದೇ. ಎರಡನ್ನೂ ಬೇರೆ ಬೇರೆ ಪಾತ್ರೆಯಲ್ಲಿ ಮಾಡಿ ಮನೆಯವರಿಗೆ ಕೊಟ್ಟು ನೋಡಿದ್ದೇನೆ. ಯಾವುದು ಯಾವುದು ಅಂತ ಯಾರಿಗೂ ಹೇಳಲು ಆಗಲಿಲ್ಲ.

ಎಲೆ ಆರಿಸುವಾಗ ಗೆಡ್ಡೆ ಚಿಕ್ಕದಿರುವ ನವಿಲುಕೋಸನ್ನೇ ನೋಡಿ. ಮುಷ್ಟಿಗಿಂತ ದೊಡ್ಡ ಗೆಡ್ಡೆಯ ಎಲೆ ಬಲಿತಿರುತ್ತದೆ, ನಾರು ಜಾಸ್ತಿ. ಎಲೆ ಮುರಿದರೆ ಚಟ್ ಅನ್ನಬೇಕು. ಬಗ್ಗಿದರೆ ಅದು ನಿನ್ನೆಯದು. ಅಲ್ಲಲ್ಲಿ ತೂತು ಇದ್ದರೆ ಹೆದರಬೇಡಿ. ಹುಳ ತಿಂದ ಗುರುತು ಅಷ್ಟೇ, ಹುಳ ಇದ್ದರೂ ತೊಳೆದರೆ ಹೋಗುತ್ತದೆ. ಹಳದಿ ತಿರುಗಿದ್ದು ಮಾತ್ರ ಬೇಡ.

ಹೂಕೋಸಿನ ಸುತ್ತ ಇರುವ ಎಳೆ ಎಲೆಯೂ ಆಗುತ್ತದೆ. ಮೂಲಂಗಿ ಸೊಪ್ಪು ಚೂರು ಘಾಟು, ಆದರೂ ಚೆನ್ನಾಗಿರುತ್ತದೆ. ನುಗ್ಗೆ ಸೊಪ್ಪು ಹಾಕಿದರೆ ರುಚಿ ಬೇರೆಯೇ ದಾರಿ ಹಿಡಿಯುತ್ತದೆ, ತಪ್ಪಲ್ಲ. ಪಾಲಕ್ ಮಾತ್ರ ನನಗೆ ಒಗ್ಗಲಿಲ್ಲ. ಎರಡೇ ನಿಮಿಷದಲ್ಲಿ ಕರಗಿ ಲೋಳೆಯಾಗುತ್ತದೆ. ಈ ಸೂಪಿನಲ್ಲಿ ಎಲೆ ಹಲ್ಲಿಗೆ ಸಿಗಬೇಕು.

ಮನೆಯಲ್ಲೇ ಬೆಳೆಯುವ ಆಸೆ ಇದ್ದರೆ ಕೇಲ್ ಬೀಜವನ್ನು ಮಳೆ ಕಡಿಮೆಯಾದ ಮೇಲೆ, ಅಕ್ಟೋಬರ್ ಹೊತ್ತಿಗೆ ಕುಂಡಕ್ಕೆ ಹಾಕಿ. ಇದು ಚಳಿ ಬಯಸುವ ಗಿಡ. ನಮ್ಮಲ್ಲಿ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕೆಳಗಿನ ಎಲೆ ಕೀಳುತ್ತಾ ಹೋಗಬಹುದು. ಮಾರ್ಚ್ ಬಿಸಿಲು ಶುರುವಾದರೆ ಎಲೆ ಕಹಿಯಾಗುತ್ತದೆ.

ಕಾಳು: ಅಂಗಡಿಯಲ್ಲಿ ಏನಂತ ಕೇಳಬೇಕು

ಬಿಳಿ ರಾಜ್ಮಾ ಅಂತ ಕೇಳಿ. ಕೆಂಪು ರಾಜ್ಮಾ ಎಲ್ಲ ಕಡೆ ಇರುತ್ತದೆ, ಬಿಳಿಯದಕ್ಕೆ ಸ್ವಲ್ಪ ದೊಡ್ಡ ಕಿರಾಣಿ ಅಂಗಡಿಗೆ ಹೋಗಬೇಕಾಗಬಹುದು. ನಾವು ಪಲ್ಯ ಮಾಡುವ ಹುರಳಿಕಾಯಿಯೂ ಇದೇ ಜಾತಿಯ ಗಿಡ. ಎಳೆಯ ಕಾಯಿ ಕಿತ್ತರೆ ಬೀನ್ಸ್ ಪಲ್ಯ, ಬಲಿತು ಒಣಗಿದ ಕಾಳು ತೆಗೆದರೆ ರಾಜ್ಮಾ. ಇಟಲಿಯವರ ಕ್ಯಾನೆಲಿನಿ ಕಾಳೂ ಇದೇ ಕುಟುಂಬದ ಬಿಳಿ ಬಣ್ಣದ್ದು.

ಡಬಲ್ ಬೀನ್ಸ್ ಬೇರೆ ಜಾತಿ, ಆದರೆ ಈ ಸೂಪಿಗೆ ತುಂಬಾ ಚೆನ್ನಾಗಿ ಹೊಂದುತ್ತದೆ. ಒಳಗೆ ಬೆಣ್ಣೆಯ ಹಾಗೆ ಬೇಯುತ್ತದೆ. ಬಿಳಿ ಅಲಸಂದೆಯೂ ಆದೀತು. ಅದು ಬೇಗ ಬೇಯುತ್ತದೆ, ಕಟ್ಟು ಮಾತ್ರ ತೆಳು. ಅವರೆಕಾಳಿನ ಕಾಲದಲ್ಲಿ ಹಸಿ ಅವರೆ ಹಾಕಿ ಮಾಡಿದ್ದೂ ಉಂಟು. ಆಗ ಅವರೆಯ ಸೊಗಡೇ ಮುಂದೆ ಬಂದು ಉಳಿದಿದ್ದೆಲ್ಲ ಹಿಂದೆ ಸರಿಯುತ್ತದೆ.

ಕೊಳ್ಳುವಾಗ ಒಂದು ಹಿಡಿ ಕಾಳು ಅಂಗೈಗೆ ಹಾಕಿಕೊಂಡು ನೋಡಿ. ಹೊಸ ಕಾಳಿಗೆ ಹೊಳಪಿರುತ್ತದೆ, ಸಿಪ್ಪೆ ನಯವಾಗಿರುತ್ತದೆ. ಹಳೆಯದು ಮಂಕು, ಸಿಪ್ಪೆ ಸುಕ್ಕು, ಅಲ್ಲಲ್ಲಿ ಬಿರುಕು. ವರ್ಷಗಟ್ಟಲೆ ಡಬ್ಬಿಯಲ್ಲಿ ಕೂತ ಕಾಳು ಎಷ್ಟು ಸೀಟಿ ಹೊಡೆಸಿದರೂ ಬೇಯುವುದಿಲ್ಲ. ಬೆಚ್ಚಗೆ, ತೇವದಲ್ಲಿ ಇಟ್ಟಷ್ಟೂ ಬೇಗ ಗಡುಸಾಗುತ್ತದೆ. ಆರು ತಿಂಗಳಿಗೆ ಆಗುವಷ್ಟು ಒಟ್ಟಿಗೆ ತರುವ ಬದಲು ಅರ್ಧ ಕಿಲೋ ತನ್ನಿ.

ನಾಲ್ಕು ಜನರ ಊಟಕ್ಕೆ ಬೇಕಾಗುವುದು

ಒಣ ಬಿಳಿ ರಾಜ್ಮಾ 200 ಗ್ರಾಂ, ಅಂದರೆ ತುಂಬಿದ ಒಂದು ಲೋಟ. ಕೇಲ್ ಅಥವಾ ನವಿಲುಕೋಸಿನ ಎಲೆ ದಂಟು ತೆಗೆದ ಮೇಲೆ 200 ಗ್ರಾಂ. ಇದು ನೋಡುವುದಕ್ಕೆ ಒಂದು ದೊಡ್ಡ ಬುಟ್ಟಿ, ಬೆಂದ ಮೇಲೆ ಒಂದು ಬಟ್ಟಲು. ಈರುಳ್ಳಿ 2, ಮಧ್ಯಮ ಗಾತ್ರದ್ದು. ಕ್ಯಾರೆಟ್ 2. ಬೆಳ್ಳುಳ್ಳಿ 8 ಎಸಳು. ಹುಳಿ ಟೊಮೆಟೊ 2. ಬ್ಯಾಡಗಿ ಮೆಣಸಿನಕಾಯಿ 1. ಪಲಾವ್ ಎಲೆ 1. ಓಮಕಾಳು ಕಾಲು ಟೀ ಚಮಚ. ಶೇಂಗಾ ಎಣ್ಣೆ 3 ಊಟದ ಚಮಚ. ಕಾಳುಮೆಣಸಿನ ಪುಡಿ, ಉಪ್ಪು, ಒಂದು ನಿಂಬೆಹಣ್ಣು, ಕೊನೆಗೆ ಹಾಕಲು ಗೋಲಿಯಷ್ಟು ಬೆಣ್ಣೆ.

ಈರುಳ್ಳಿ ನಮ್ಮ ಸೀಮೆಯದ್ದೇ ಇರಲಿ. ಚಿತ್ರದುರ್ಗ ಜಿಲ್ಲೆಯ ಹೊಲಗಳಿಂದ ಲೋಡುಗಟ್ಟಲೆ ಬರುತ್ತದೆ. ಎಣ್ಣೆ ಆಲಿವ್ ಇದ್ದರೆ ಹಾಕಿ, ಅದು ಈ ಸೂಪಿನ ಮೂಲದ ಎಣ್ಣೆ. ನಾನು ಹಾಕುವುದು ಚಳ್ಳಕೆರೆ ಕಡೆಯ ಗಾಣದ ಶೇಂಗಾ ಎಣ್ಣೆ. ಅದಕ್ಕೂ ತನ್ನದೇ ಪರಿಮಳ ಇದೆ, ಕಾಳಿನ ಜೊತೆ ಜಗಳ ಆಡುವುದಿಲ್ಲ. ವಾಸನೆ ತೆಗೆದ ರಿಫೈನ್ಡ್ ಎಣ್ಣೆ ಬಳಸಿದರೆ ಸೂಪ್ ಸಪ್ಪೆ ಅನಿಸುತ್ತದೆ.

ಓಮಕಾಳು ಯಾಕೆ ಅಂತ ಕೇಳಬಹುದು. ಆ ಕಡೆಯವರು ಇಂಥ ಸೂಪಿಗೆ ಥೈಮ್ ಅನ್ನುವ ಎಲೆ ಹಾಕುತ್ತಾರೆ. ಥೈಮ್‌ಗೆ ಆ ಪರಿಮಳ ಕೊಡುವುದು ಥೈಮಾಲ್ ಅನ್ನುವ ಅಂಶ. ಅದೇ ಥೈಮಾಲ್ ನಮ್ಮ ಓಮಕಾಳಿನಲ್ಲೂ ಇದೆ. ಕಾಲು ಚಮಚಕ್ಕಿಂತ ಜಾಸ್ತಿ ಹಾಕಬೇಡಿ, ಹೊಟ್ಟೆನೋವಿನ ಕಷಾಯ ಕುಡಿದ ಹಾಗಾಗುತ್ತದೆ. ಮನೆ ಹಿಂದೆ ದೊಡ್ಡಪತ್ರೆ ಇದ್ದರೆ ಅರ್ಧ ಎಲೆ ಸಣ್ಣಗೆ ಹೆಚ್ಚಿ ಹಾಕಿ, ಓಮ ಬಿಡಿ.

ಹಿಂದಿನ ರಾತ್ರಿ: ನೆನೆಸುವುದು

ಕಾಳನ್ನು ಆರಿಸಿ, ಎರಡು ಸಲ ತೊಳೆಯಿರಿ. ಒಂದು ಲೀಟರ್ ನೀರಿಗೆ ಒಂದು ಊಟದ ಚಮಚ ಉಪ್ಪು ಕರಗಿಸಿ, ಅದರಲ್ಲಿ 8 ರಿಂದ 10 ಗಂಟೆ ನೆನೆಸಿ.

ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಅಂತ ನಮ್ಮ ಮನೆಗಳಲ್ಲಿ ಹೇಳುತ್ತಾ ಬಂದಿದ್ದಾರೆ. ನಾನೂ ಬಹಳ ವರ್ಷ ಹಾಗೇ ನಂಬಿದ್ದೆ. ನಡೆಯುವುದು ಅದಕ್ಕೆ ಉಲ್ಟಾ. ಕಾಳಿನ ಸಿಪ್ಪೆಯನ್ನು ಬಿಗಿಯಾಗಿ ಹಿಡಿದಿರುವುದು ಪೆಕ್ಟಿನ್ ಅನ್ನುವ ಅಂಟು. ಆ ಅಂಟಿಗೆ ಗಟ್ಟಿತನ ಕೊಡುವುದು ಕ್ಯಾಲ್ಸಿಯಂ, ಮೆಗ್ನೀಸಿಯಂ. ಉಪ್ಪು ನೀರಿನಲ್ಲಿ ನೆನೆದಾಗ ಸೋಡಿಯಂ ಒಳಗೆ ಹೋಗಿ ಅವುಗಳ ಜಾಗದಲ್ಲಿ ಕೂರುತ್ತದೆ. ಸಿಪ್ಪೆ ಸಡಿಲವಾಗುತ್ತದೆ, ಒಡೆಯದೆ ಮೆತ್ತಗಾಗುತ್ತದೆ. ಒಂದು ಸಲ ಸಪ್ಪೆ ನೀರಿನಲ್ಲಿ, ಒಂದು ಸಲ ಉಪ್ಪು ನೀರಿನಲ್ಲಿ ನೆನೆಸಿ ನೋಡಿ, ನಿಮಗೇ ಗೊತ್ತಾಗುತ್ತದೆ.

ಇದೇ ಕಾರಣಕ್ಕೆ ನೀರಿನ ಕಡೆಗೂ ಗಮನ ಬೇಕು. ನಮ್ಮ ಕಡೆ ಬೋರ್ ನೀರು ಗಡಸು. ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಅದು ಈ ಕ್ಯಾಲ್ಸಿಯಮ್ಮೇ. ಆ ನೀರಿನಲ್ಲಿ ಕಾಳು ಬೇಯಲು ಹಟ ಮಾಡುತ್ತದೆ. ನಗರದ ನಲ್ಲಿಯಲ್ಲಿ ಬರುವ ಹೊಳೆ ನೀರು ಅದಕ್ಕಿಂತ ಎಷ್ಟೋ ವಾಸಿ. ಬೋರ್ ನೀರು ಮಾತ್ರ ಇದ್ದರೆ ನೆನೆಸಲು, ಬೇಯಿಸಲು ಎರಡಕ್ಕೂ ಫಿಲ್ಟರ್ ನೀರು ಬಳಸಿ. ಅದೂ ಇಲ್ಲದಿದ್ದರೆ ಬೇಯಿಸುವಾಗ ಒಂದೇ ಚಿಟಿಕೆ ಅಡುಗೆ ಸೋಡಾ. ಜಾಸ್ತಿಯಾದರೆ ಕಾಳು ಮುದ್ದೆಯಾಗಿ ಸೋಪಿನ ರುಚಿ ಬರುತ್ತದೆ.

ಬೇಸಿಗೆಯಲ್ಲಿ ಇನ್ನೊಂದು ಎಚ್ಚರಿಕೆ. ಒಂದು ಏಪ್ರಿಲ್‌ನಲ್ಲಿ ರಾತ್ರಿ ಒಂಬತ್ತಕ್ಕೆ ಕಾಳು ನೆನೆಹಾಕಿ, ಬೆಳಿಗ್ಗೆ ಬೇರೆ ಕೆಲಸಕ್ಕೆ ಹೋಗಿ, ಮಧ್ಯಾಹ್ನ ಬಂದು ಮುಚ್ಚಳ ತೆಗೆದೆ. ಮೇಲೆ ನೊರೆ, ಹುಳಿ ವಾಸನೆ. ಅಷ್ಟೂ ಕಾಳು ಚೆಲ್ಲಿದೆ. ಮನಸ್ಸಿಗೆ ತುಂಬಾ ಬೇಜಾರಾಯಿತು. ಮಾರ್ಚ್‌ನಿಂದ ಮೇವರೆಗೆ ನೆನೆಸುವ ಪಾತ್ರೆಯನ್ನು ಫ್ರಿಜ್‌ನಲ್ಲೇ ಇಡಿ.

ನೆನೆಸಲು ಮರೆತಿರಾ? ಕಾಳನ್ನು ನೀರಿನಲ್ಲಿ ಹಾಕಿ ಎರಡು ಮೂರು ನಿಮಿಷ ಕುದಿಸಿ, ಒಲೆ ಆರಿಸಿ, ಮುಚ್ಚಿ ಒಂದು ಗಂಟೆ ಬಿಡಿ. ಕೆಲಸ ನಡೆಯುತ್ತದೆ. ರಾತ್ರಿಯಿಡೀ ನೆನೆದಷ್ಟು ಸಮವಾಗಿ ಬೇಯುವುದಿಲ್ಲ ಅಷ್ಟೇ.

ನೆನೆದ ನೀರನ್ನು ಚೆಲ್ಲಲೇಬೇಕು. ಹೊಟ್ಟೆ ಉಬ್ಬರಿಸುವ ಕೆಲವು ಸಕ್ಕರೆ ಅಂಶಗಳು ಆ ನೀರಿಗೆ ಸ್ವಲ್ಪ ಇಳಿದಿರುತ್ತವೆ. ಹೊಸ ನೀರಿನಲ್ಲಿ ಕಾಳನ್ನು ಇನ್ನೊಮ್ಮೆ ತೊಳೆದು ಬಸಿಯಿರಿ. 200 ಗ್ರಾಂ ಇದ್ದದ್ದು ಈಗ ಹತ್ತಿರ ಹತ್ತಿರ ಎರಡರಷ್ಟು ತೂಗುತ್ತದೆ.

ಕಾಳು ಬೇಯಿಸುವುದು: ಇಲ್ಲಿ ಅವಸರ ಬೇಡ

ಐದು ಲೀಟರ್ ಕುಕ್ಕರ್‌ಗೆ ಕಾಳು, ಒಂದು ಲೀಟರ್ ನೀರು, ಒಂದು ಟೀ ಚಮಚ ಉಪ್ಪು, ಪಲಾವ್ ಎಲೆ, ಜಜ್ಜಿದ ಎರಡು ಎಸಳು ಬೆಳ್ಳುಳ್ಳಿ, ಒಂದು ಟೀ ಚಮಚ ಎಣ್ಣೆ. ಎಣ್ಣೆ ಯಾಕೆ ಅಂದರೆ ಕಾಳು ಕುದಿಯುವಾಗ ನೊರೆ ಏಳುತ್ತದೆ, ಅದು ಸೀಟಿಯ ತೂತಿಗೆ ಹೋಗಿ ಕೂರಬಾರದು. ಇದೇ ಕಾರಣಕ್ಕೆ ಕಾಳು ಮತ್ತು ನೀರು ಎರಡೂ ಸೇರಿ ಕುಕ್ಕರ್‌ನ ಅರ್ಧಕ್ಕಿಂತ ಮೇಲೆ ಬರಬಾರದು.

ದೊಡ್ಡ ಉರಿಯಲ್ಲಿ ಮೊದಲ ಸೀಟಿ ಬರಲಿ. ಆಮೇಲೆ ಉರಿ ಸಣ್ಣ ಮಾಡಿ 12 ನಿಮಿಷ ಬಿಡಿ. ಕಾಳು ಸ್ವಲ್ಪ ಹಳೆಯದು ಅನಿಸಿದರೆ 18 ನಿಮಿಷ. ಒಲೆ ಆರಿಸಿದ ಮೇಲೆ ಪ್ರೆಶರ್ ತಾನಾಗಿ ಇಳಿಯಬೇಕು. ಸೀಟಿ ಎತ್ತಿ ಗಾಳಿ ಬಿಟ್ಟರೆ ಒಳಗಿನ ನೀರು ಒಮ್ಮೆಲೇ ಬುಸ್ ಅಂತ ಕುದಿದು ಕಾಳಿನ ಸಿಪ್ಪೆ ಹರಿಯುತ್ತದೆ, ಕಟ್ಟು ರಾಡಿಯಾಗುತ್ತದೆ.

ಈ ಹಂತದಲ್ಲಿ ಟೊಮೆಟೊ, ಹುಣಸೆ, ನಿಂಬೆ ಯಾವುದನ್ನೂ ಹಾಕಬೇಡಿ. ಇದನ್ನು ನಾನು ಪೆಟ್ಟು ತಿಂದು ಕಲಿತೆ. ಮೊದಲ ಸಲ ಮಾಡಿದಾಗ ಎಲ್ಲವನ್ನೂ ಒಟ್ಟಿಗೆ ಕುಕ್ಕರ್‌ಗೆ ಹಾಕಿದ್ದೆ, ಟೊಮೆಟೊ ಕೂಡ. ಆರು ಸೀಟಿ ಆಯಿತು. ಮುಚ್ಚಳ ತೆಗೆದರೆ ಸೊಪ್ಪು ಕಂದು ಬಣ್ಣಕ್ಕೆ ತಿರುಗಿ ಕರಗಿತ್ತು, ಕಾಳು ಮಾತ್ರ ಹಲ್ಲಿಗೆ ಕಟ್ ಅನ್ನುತ್ತಿತ್ತು. ಹುಳಿ ಸೇರಿದರೆ ಸಿಪ್ಪೆಯ ಪೆಕ್ಟಿನ್ ಕರಗದೆ ಬಿಗಿಯಾಗೇ ಉಳಿಯುತ್ತದೆ. ಕಾಳು ಪೂರ್ತಿ ಬೆಂದ ಮೇಲೆ ಹುಳಿ ಸೇರಿದರೆ ಏನೂ ತೊಂದರೆಯಿಲ್ಲ.

ಬೆಂದಿದೆಯೋ ಇಲ್ಲವೋ ನೋಡುವುದಕ್ಕೆ ಎರಡು ಪರೀಕ್ಷೆ ಇದೆ. ಸೌಟಿನಲ್ಲಿ ನಾಲ್ಕು ಕಾಳು ತೆಗೆದು ಮೆಲ್ಲಗೆ ಊದಿ. ಸಿಪ್ಪೆ ಸುಕ್ಕಾಗಿ, ಒಂದು ಕಡೆ ಕಾಗದದ ಹಾಗೆ ಏಳುತ್ತದೆ. ಆಮೇಲೆ ಬೇರೆ ಬೇರೆ ಕಡೆಯಿಂದ ಐದು ಕಾಳು ತೆಗೆದು, ಒಂದೊಂದನ್ನೂ ನಾಲಿಗೆ ಮತ್ತು ಅಂಗುಳದ ನಡುವೆ ಒತ್ತಿ. ಐದೂ ಬೆಣ್ಣೆಯಂತೆ ಕರಗಬೇಕು. ನಾಲ್ಕು ಕರಗಿ ಒಂದು ಮಾತ್ರ ಹಿಟ್ಟುಹಿಟ್ಟಾಗಿ ಸಿಕ್ಕರೂ ಇನ್ನೂ ಐದು ನಿಮಿಷ ಪ್ರೆಶರ್ ಬೇಕು ಅಂತ ಅರ್ಥ.

ಈ ವಿಷಯದಲ್ಲಿ ಸಡಿಲ ಬಿಡಬಾರದು. ರಾಜ್ಮಾ ಜಾತಿಯ ಹಸಿ ಕಾಳಿನಲ್ಲಿ ಲೆಕ್ಟಿನ್ ಅನ್ನುವ ವಿಷದ ಅಂಶ ಇದೆ. ಕೆಂಪು ರಾಜ್ಮಾದಲ್ಲಿ ಜಾಸ್ತಿ, ಬಿಳಿಯದರಲ್ಲಿ ಕಡಿಮೆ, ಆದರೆ ಇದೆ. ಅರೆಬೆಂದ ಕಾಳು ತಿಂದರೆ ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ ಶುರುವಾಗಬಹುದು. ಕುಕ್ಕರ್‌ನ ಒಳಗೆ ಶಾಖ 120 ಡಿಗ್ರಿ ಹತ್ತಿರ ಹೋಗುವುದರಿಂದ ಅಲ್ಲಿ ಚಿಂತೆಯಿಲ್ಲ. ತೆರೆದ ಪಾತ್ರೆಯಲ್ಲಿ ಬೇಯಿಸುವವರು ಮೊದಲ ಅರ್ಧ ಗಂಟೆ ಗಳಗಳ ಕುದಿಸಬೇಕು, ಆಮೇಲೆ ಸಣ್ಣ ಉರಿಯಲ್ಲಿ ಮೆತ್ತಗಾಗುವವರೆಗೆ ಒಂದರಿಂದ ಒಂದೂವರೆ ಗಂಟೆ. ನಿಧಾನವಾಗಿ ಬೇಯಿಸುವ ಎಲೆಕ್ಟ್ರಿಕ್ ಸ್ಲೋ ಕುಕ್ಕರ್‌ಗೆ ಹಸಿ ರಾಜ್ಮಾವನ್ನು ನೇರವಾಗಿ ಹಾಕಲೇಬೇಡಿ. ಅದರ ಶಾಖ ಸಾಲದು. 80 ಡಿಗ್ರಿಯ ಆಸುಪಾಸು ಸುಮ್ನೆ ಬೆಚ್ಚಗೆ ಇಟ್ಟರೆ ಆ ವಿಷ ಕಡಿಮೆಯಾಗುವ ಬದಲು ಹೆಚ್ಚುತ್ತದೆ.

ಕಟ್ಟನ್ನು ಬಸಿದು ಬೇರೆ ಪಾತ್ರೆಯಲ್ಲಿಡಿ. ಸ್ವಲ್ಪ ಬಾಯಿಗೆ ಹಾಕಿ ನೋಡಿ. ಬೆಳ್ಳುಳ್ಳಿಯ ಪರಿಮಳ, ಹಾಲಿನಂಥ ಸಿಹಿ, ತುಟಿಗೆ ಅಂಟುವ ಗುಣ. ಬೇಯಿಸಿದ ಕಾಳನ್ನು ತೊಳೆದು ಕಟ್ಟನ್ನು ಸಿಂಕಿಗೆ ಸುರಿಯುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಸೊಪ್ಪು ಹದ ಮಾಡುವುದು

ಕುಕ್ಕರ್ ತಣಿಯುವಷ್ಟರಲ್ಲಿ ಸೊಪ್ಪಿನ ಕೆಲಸ ಮುಗಿಯುತ್ತದೆ. ಎಲೆಕೋಸಿನ ಜಾತಿಗೆ ಹಸಿರು ಹುಳ, ಬೂದು ಬಣ್ಣದ ಸಣ್ಣ ಹೇನು ಹತ್ತುತ್ತವೆ. ಎರಡೂ ಎಲೆಯ ಹಿಂಭಾಗದಲ್ಲಿ, ನರದ ಪಕ್ಕ ಅಡಗಿರುತ್ತವೆ. ದೊಡ್ಡ ಪಾತ್ರೆಯಲ್ಲಿ ಉಪ್ಪು ನೀರು ಮಾಡಿ ಹತ್ತು ನಿಮಿಷ ಮುಳುಗಿಸಿ, ಆಮೇಲೆ ನಲ್ಲಿಯ ಕೆಳಗೆ ಒಂದೊಂದೇ ಎಲೆ ತಿರುಗಿಸಿ ತೊಳೆಯಿರಿ.

ನಡುವಿನ ದಪ್ಪ ನರವನ್ನು ತೆಗೆಯಿರಿ. ಬುಡದಲ್ಲಿ ದಂಟು ಹಿಡಿದು, ಇನ್ನೊಂದು ಕೈಯ ಎರಡು ಬೆರಳ ನಡುವೆ ಎಲೆಯನ್ನು ಸರ್ರನೆ ಮೇಲಕ್ಕೆ ಎಳೆದರೆ ಎಲೆ ಬಿಟ್ಟುಕೊಂಡು ಬರುತ್ತದೆ. ಎಳೆಯ ದಂಟನ್ನು ಎಸೆಯಬೇಡಿ, ಸಣ್ಣಗೆ ಹೆಚ್ಚಿ ಈರುಳ್ಳಿ ಜೊತೆ ಹುರಿಯಿರಿ. ಆ ಕಡೆಯವರು ಸೂಪಿಗೆ ಸೆಲರಿ ದಂಟು ಹಾಕುತ್ತಾರಲ್ಲ, ಅದರ ಕೆಲಸವನ್ನು ಇದು ಮಾಡುತ್ತದೆ. ಜೊತೆಗೆ ಒಂದು ಹಿಡಿ ಕೊತ್ತಂಬರಿ ದಂಟು ಸೇರಿದರೆ ಇನ್ನೂ ಚೆನ್ನ. ಎಲೆಯನ್ನು ಒಂದು ಇಂಚಿನ ಪಟ್ಟಿಗಳಾಗಿ ಹೆಚ್ಚಿ. ತೀರಾ ಸಣ್ಣಗೆ ಬೇಡ, ತೀರಾ ಅಗಲ ಬಿಟ್ಟರೆ ಚಮಚದಿಂದ ಜೋತಾಡಿ ಗಲ್ಲಕ್ಕೆ ಅಂಟುತ್ತದೆ.

ಎಲೆ ಬಲಿತಿದ್ದರೆ ಹೆಚ್ಚಿದ ಮೇಲೆ ಅರ್ಧ ಚಮಚ ಉಪ್ಪು ಹಾಕಿ ಒಂದು ನಿಮಿಷ ಕಿವುಚಿ, ಹಿಂಡಿ. ಕಹಿ ಸ್ವಲ್ಪ ಇಳಿಯುತ್ತದೆ. ಹಾಗೆ ಮಾಡಿದ ದಿನ ಸೂಪಿಗೆ ಉಪ್ಪು ಕಡಿಮೆ ಹಾಕಿ.

ಹುರಿಯುವುದು

ದಪ್ಪ ತಳದ ಪಾತ್ರೆಯಲ್ಲಿ ಎರಡು ಚಮಚ ಎಣ್ಣೆ ಕಾಯಿಸಿ. ಸಣ್ಣಗೆ ಹೆಚ್ಚಿದ ಈರುಳ್ಳಿ, ಕ್ಯಾರೆಟ್, ದಂಟು, ಒಂದು ಚಿಟಿಕೆ ಉಪ್ಪು. ಉರಿ ಸಣ್ಣ. ಹದಿನೈದು ನಿಮಿಷ ಬೇಕು, ನಿಜವಾಗಿಯೂ ಹದಿನೈದು. ಒಗ್ಗರಣೆಯ ಚುರುಕು ಇಲ್ಲಿ ಬೇಡ. ಈರುಳ್ಳಿ ಕೆಂಪಗಾಗಬಾರದು. ಮೊದಲು ಬೆವರುತ್ತದೆ, ಆಮೇಲೆ ಗಾಜಿನ ಹಾಗಾಗುತ್ತದೆ, ಕೊನೆಗೆ ಸೌಟಿಗೆ ಅಂಟಿ ಸಿಹಿ ವಾಸನೆ ಬರುತ್ತದೆ. ಆಗ ಉಳಿದ ಆರು ಎಸಳು ಬೆಳ್ಳುಳ್ಳಿಯನ್ನು ತೆಳುವಾಗಿ ಹೆಚ್ಚಿ ಹಾಕಿ, ಮುರಿದ ಬ್ಯಾಡಗಿ ಮೆಣಸಿನಕಾಯಿ ಹಾಕಿ, ಓಮಕಾಳನ್ನು ಅಂಗೈಲಿ ಉಜ್ಜಿ ಉದುರಿಸಿ. ಒಂದು ನಿಮಿಷ ಆದ ಮೇಲೆ ತುರಿದ ಟೊಮೆಟೊ. ಅದರ ಹಸಿ ವಾಸನೆ ಹೋಗಿ, ಬದಿಯಲ್ಲಿ ಎಣ್ಣೆ ಕಾಣಿಸಿಕೊಳ್ಳುವವರೆಗೆ ಐದಾರು ನಿಮಿಷ.

ಇಲ್ಲಿ ಕೈ ತಾನಾಗೇ ಸಾರಿನ ಪುಡಿ ಡಬ್ಬಿಯ ಕಡೆ ಹೋಗುತ್ತದೆ. ದಯವಿಟ್ಟು ತಡೆಯಿರಿ. ಜೀರಿಗೆ, ಧನಿಯ, ಗರಂ ಮಸಾಲೆ ಬಿದ್ದರೆ ಅದು ಒಳ್ಳೆಯ ಕಾಳು ಸಾರು ಆಗುತ್ತದೆ. ಕಾಳು ಸಾರು ನನಗೂ ಪ್ರಾಣ. ಆದರೆ ಆಗ ಕಟ್ಟಿನ ಮೆಲ್ಲನೆಯ ರುಚಿ ಎಲ್ಲೋ ಅಡಗಿಹೋಗುತ್ತದೆ. ಒಂದು ಸಲವಾದರೂ ಮಸಾಲೆ ಇಲ್ಲದೆ ಮಾಡಿ ನೋಡಿ.

ಕೂಡಿಸುವುದು

ಬೆಂದ ಕಾಳಿನಲ್ಲಿ ಒಂದು ಲೋಟದಷ್ಟು ತೆಗೆದು, ಸ್ವಲ್ಪ ಕಟ್ಟು ಹಾಕಿ ಸೌಟಿನ ಹಿಂಭಾಗದಿಂದ ಮಸೆಯಿರಿ. ಮಿಕ್ಸಿಗೆ ಹಾಕಿದರೆ ತೀರಾ ನುಣ್ಣಗಾಗಿ ಅಂಬಲಿಯ ಹಾಗೆ ಅನಿಸುತ್ತದೆ, ಕೈಯಲ್ಲಿ ಮಸೆದದ್ದೇ ಚೆಂದ. ಸೂಪನ್ನು ಗಟ್ಟಿ ಮಾಡುವುದು ಇದೇ.

ಹುರಿದ ಪಾತ್ರೆಗೆ ಅಷ್ಟೂ ಕಟ್ಟು, ಮಸೆದ ಕಾಳು, ಇಡಿ ಕಾಳು ಹಾಕಿ. ಎರಡು ಲೋಟ ಬಿಸಿನೀರು ಸೇರಿಸಿ. ತಣ್ಣೀರು ಬೇಡ. ಹತ್ತು ನಿಮಿಷ ಸಣ್ಣಗೆ ಕುದಿಯಲಿ, ತಳ ಹಿಡಿಯದ ಹಾಗೆ ನಡುವೆ ಒಮ್ಮೆ ಕೆದಕಿ. ಹೊಟ್ಟೆ ತುಂಬ ಉಣ್ಣುವ ಮಕ್ಕಳಿದ್ದರೆ ಒಂದು ಆಲೂಗಡ್ಡೆಯನ್ನು ಸಣ್ಣ ಚೌಕಗಳಾಗಿ ಹೆಚ್ಚಿ ಈಗ ಹಾಕಬಹುದು.

ಇನ್ನು ಸೊಪ್ಪು. ಎರಡು ಮೂರು ಸಲವಾಗಿ ಹಾಕಿ, ಒಂದು ಹಿಡಿ ಕುಗ್ಗಿದ ಮೇಲೆ ಇನ್ನೊಂದು ಹಿಡಿ. ಗುಂಗುರು ಕೇಲ್‌ಗೆ 8 ರಿಂದ 10 ನಿಮಿಷ, ನವಿಲುಕೋಸಿನ ಎಲೆಗೆ 12 ನಿಮಿಷ, ನುಗ್ಗೆಗೆ ಐದಾರು ನಿಮಿಷ ಸಾಕು. ಮುಚ್ಚಳ ಹಾಕಬೇಡಿ. ಸೊಪ್ಪು ಬೇಯುವಾಗ ಅದರಿಂದ ಹೊರಡುವ ಹುಳಿಯ ಅಂಶ ಹಬೆಯ ಜೊತೆ ಹೊರಗೆ ಹೋಗಬೇಕು. ಮುಚ್ಚಿದರೆ ಅದು ಅಲ್ಲೇ ಉಳಿದು ಹಸಿರನ್ನು ಮಂಕು ಮಾಡುತ್ತದೆ.

ಸೌಟು ಎತ್ತಿದರೆ ಸೂಪ್ ಒಂದೇ ಧಾರೆಯಾಗಿ ಓಡಬಾರದು, ಗಂಜಿಯ ಹಾಗೆ ನಿಲ್ಲಲೂ ಬಾರದು. ಕಾಳು, ಎಲೆ, ಕಟ್ಟು ಮೂರೂ ಒಟ್ಟಿಗೆ ಬಟ್ಟಲಿಗೆ ಬೀಳಬೇಕು. ಉಪ್ಪು ನೋಡಿ, ಕಾಳುಮೆಣಸು ಹಾಕಿ, ಒಲೆ ಆರಿಸಿ. ಆರಿಸಿದ ಮೇಲೆ ಅರ್ಧ ನಿಂಬೆಹಣ್ಣಿನ ರಸ, ಗೋಲಿಯಷ್ಟು ಬೆಣ್ಣೆ, ಉಳಿದ ಒಂದು ಚಮಚ ಹಸಿ ಎಣ್ಣೆ. ನಿಂಬೆ ಹಿಂಡುವ ಮೊದಲು ಒಮ್ಮೆ, ಹಿಂಡಿದ ಮೇಲೆ ಒಮ್ಮೆ ರುಚಿ ನೋಡಿ. ಅಲ್ಲಿಯವರೆಗೆ ಮಂದವಾಗಿದ್ದ ಸೂಪ್ ಎದ್ದು ಕೂತ ಹಾಗಾಗುತ್ತದೆ. ಕಾಳು, ಸೊಪ್ಪಿನಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತಲೂ ಆ ನಿಂಬೆಯ ಸಿ ವಿಟಮಿನ್ ನೆರವಾಗುತ್ತದೆ. ಕಾಳಿನಿಂದಲೇ ಒಬ್ಬೊಬ್ಬರಿಗೆ ಸುಮಾರು 11 ಗ್ರಾಂ ಪ್ರೋಟೀನ್ ಸಿಗುತ್ತದೆ. ನಾನು ಇದನ್ನು ರಾತ್ರಿಯ ಪೂರ್ತಿ ಊಟ ಅಂತಲೇ ಬಡಿಸುತ್ತೇನೆ.

ಮನೆಯಲ್ಲಿ ಯಾರಾದರೂ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಕೇಲ್ ಜಾತಿಯ ಸೊಪ್ಪನ್ನು ಏಕಾಏಕಿ ಜಾಸ್ತಿ ಮಾಡಬೇಡಿ. ಅದರಲ್ಲಿ ಕೆ ವಿಟಮಿನ್ ತುಂಬಾ ಇದೆ, ಮಾತ್ರೆಯ ಕೆಲಸ ಏರುಪೇರಾಗುತ್ತದೆ. ಮೊದಲು ಡಾಕ್ಟರ್ ಹತ್ತಿರ ಮಾತಾಡಿ.

ಜೊತೆಗೆ ಏನು?

ಬಿಸಿ ಜೋಳದ ರೊಟ್ಟಿ ನನ್ನ ಮೊದಲ ಆಯ್ಕೆ. ಚಿತ್ರದುರ್ಗದ ಕಡೆಯ ನಮ್ಮ ಅತ್ತೆ ಇದನ್ನು ಮುದ್ದೆಗೆ ಹಾಕಿಕೊಂಡು ಉಂಡರು. ಸೂಪ್ ಅಂದರೆ ಕುಡಿಯುವುದು ಅಂದುಕೊಂಡಿದ್ದ ಅವರು ಎರಡನೇ ಸಲ ತಾವೇ ಕೇಳಿ ಹಾಕಿಸಿಕೊಂಡಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಇನ್ನೊಂದು ನಮ್ಮೂರಿನವರಿಗೆ ಮಾತ್ರ ಹೊಳೆಯುವ ಉಪಾಯ. ಸೂಪಿನ ಮೇಲೆ ಗರಿಗರಿ ಬ್ರೆಡ್ ತುಂಡು ಹಾಕುವುದು ವಾಡಿಕೆ. ಭಟ್ಟಿಯಿಂದ ಬಂದ ಒಳ್ಳೆಯ ಮಂಡಕ್ಕಿ ಇರುವ ಊರಿನಲ್ಲಿ ಬ್ರೆಡ್ ಯಾಕೆ? ಒಂದು ಚಮಚ ಬೆಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿ ಹಾಕಿ, ಎರಡು ಹಿಡಿ ಮಂಡಕ್ಕಿಯನ್ನು ಸಣ್ಣ ಉರಿಯಲ್ಲಿ ಮೂರು ನಿಮಿಷ ಹುರಿಯಿರಿ. ಊಟಕ್ಕೆ ಕೂತ ಮೇಲೆ ಅವರವರ ಬಟ್ಟಲಿಗೆ ಅವರವರೇ ಉದುರಿಸಿಕೊಳ್ಳಲಿ. ಮೊದಲೇ ಹಾಕಿಟ್ಟರೆ ಮೆತ್ತಗಾಗುತ್ತದೆ.

ಮರುದಿನ

ಉಳಿದ ಸೂಪನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ, ಮೂರು ದಿನ ಇರುತ್ತದೆ. ಬೆಳಿಗ್ಗೆ ನೋಡಿದರೆ ಗಟ್ಟಿಯಾಗಿರುತ್ತದೆ, ಕಾಳಿನ ಹಿಟ್ಟಿನಂಶ ನೀರು ಕುಡಿದಿರುತ್ತದೆ. ಅರ್ಧ ಲೋಟ ಬಿಸಿನೀರು ಹಾಕಿ ಚೆನ್ನಾಗಿ ಕುದಿಸಿ, ಉಪ್ಪು ಮತ್ತೊಮ್ಮೆ ನೋಡಿ. ಬಹಳ ದಿನಕ್ಕೆ ಇಡುವುದಾದರೆ ಸೊಪ್ಪು ಹಾಕುವ ಮೊದಲೇ ಕಾಳಿನ ಭಾಗವನ್ನು ತೆಗೆದು ಫ್ರೀಜರ್‌ನಲ್ಲಿಡಿ, ಬೇಕಾದಾಗ ಹೊಸ ಸೊಪ್ಪು ಹಾಕಿ.

ಟಸ್ಕನಿಯಲ್ಲಿ ಉಳಿದ ಸೂಪಿಗೆ ಒಣಗಿದ ಬ್ರೆಡ್ ಹಾಕಿ ಮತ್ತೆ ಕುದಿಸುತ್ತಾರೆ. ಅದಕ್ಕೆ ರಿಬೊಲ್ಲಿತಾ ಅಂತ ಹೆಸರು, ಮರುಕುದಿಸಿದ್ದು ಅಂತ ಅರ್ಥ. ನಮ್ಮ ಮನೆಯಲ್ಲಿ ಅದಕ್ಕೆ ಕಟಕ್ ರೊಟ್ಟಿ. ಬಾಣಲೆಯಲ್ಲಿ ಎರಡು ಸೌಟು ಸೂಪ್ ಬಿಸಿ ಮಾಡಿ, ಮೇಲೆ ರೊಟ್ಟಿ ಮುರಿದು ಹರಡಿ, ಅದರ ಮೇಲೆ ಇನ್ನೆರಡು ಸೌಟು. ಮುಚ್ಚಿ ಸಣ್ಣ ಉರಿಯಲ್ಲಿ ಎಂಟು ನಿಮಿಷ. ರೊಟ್ಟಿ ಕಟ್ಟನ್ನೆಲ್ಲ ಹೀರಿಕೊಂಡು, ತಳದಲ್ಲಿ ತೆಳುವಾಗಿ ಕೆಂಪಗೆ ಹತ್ತಿರುತ್ತದೆ. ಅದನ್ನು ಕೆರೆದು ತಟ್ಟೆಗೆ ಹಾಕಿ, ಮೇಲೆ ಹಸಿ ಶೇಂಗಾ ಎಣ್ಣೆ ನಾಲ್ಕು ಹನಿ, ಪಕ್ಕದಲ್ಲಿ ಒಂದು ಹಸಿ ಈರುಳ್ಳಿ ಜಜ್ಜಿ ಇಟ್ಟುಕೊಳ್ಳಿ.